ಗಾಜಿನ ತೊಟ್ಟಿಗೆ ಗ್ಯಾಸ್ ಹಚ್ಚುವ ಮುನ್ನ

ಮನೆಯಲ್ಲಿ ಮೀನಿನ ತೊಟ್ಟಿ ಇಟ್ಟಿದ್ದೀರಿ, ಅದರೊಳಗೆ ಗಿಡವನ್ನೂ ಬೆಳೆಸುತ್ತಿದ್ದೀರಿ. ಸಂತೋಷ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಬಿಸಿಲಿನಲ್ಲಿ ನಡೆದು ಬಂದವರಿಗೆ ಪಡಸಾಲೆಯ ಮೂಲೆಯಲ್ಲಿ ಅಷ್ಟು ಹಸಿರು ಕಂಡರೆ ಕಣ್ಣಿಗೆ ತಂಪು. ಈಗ ಮೊಬೈಲಿನಲ್ಲಿ ಜಪಾನಿನ ತೊಟ್ಟಿಗಳ ಚಿತ್ರ ನೋಡಿ, ನಮ್ಮದಕ್ಕೂ ಇಂಗಾಲದ ಡೈಆಕ್ಸೈಡಿನ ಸಿಲಿಂಡರ್ ಹಚ್ಚಿಬಿಡೋಣ ಎಂದು ಹೊರಟಿದ್ದೀರಿ. ಬೇಡ ಎನ್ನುವುದಿಲ್ಲ. ಆದರೆ ದುಡ್ಡು ಬಿಚ್ಚುವ ಮೊದಲು ಸ್ವಲ್ಪ ಕೂತು ಕೇಳಿ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಮೊದಲು, ನಿಮಗೆ ಇದು ಬೇಕೇ ಎಂದು ನೋಡಿಕೊಳ್ಳಿ. ಗಿಡಕ್ಕೆ ಈ ಗ್ಯಾಸೇ ಊಟ, ನಿಜ. ಗಾಳಿಯಲ್ಲಿ ಅದು ಇರುವುದೇ ಶೇ. 0.04ರಷ್ಟು, ತೊಟ್ಟಿಯ ನೀರಿನಲ್ಲಿ ತಾನಾಗಿ ಕರಗಿರುವುದು ಲೀಟರಿಗೆ ಕೆಲವೇ ಮಿಲಿಗ್ರಾಂ. ಸಿಲಿಂಡರ್ ಹಚ್ಚಿದವರು ಅದನ್ನು 30 ಮಿಲಿಗ್ರಾಂವರೆಗೆ ಏರಿಸುತ್ತಾರೆ. ಕೆಂಪು ರೋಟಾಲಾ ಬೇಕು, ನೆಲಕ್ಕೆ ಹಾಸಿದಂತೆ ಹಬ್ಬುವ ಮಾಂಟೆ ಕಾರ್ಲೋ ಬೇಕು ಎನ್ನುವವರಿಗೆ ಇದು ಬೇಕೇ ಬೇಕು. ಆದರೆ ನಮ್ಮ ಕಾಲುವೆಗಳಲ್ಲಿ ಕಳೆಯಂತೆ ಬೆಳೆಯುವ ಹೈಡ್ರಿಲ್ಲಾ, ಉದ್ದನೆಯ ಎಲೆಯ ವ್ಯಾಲಿಸ್ನೇರಿಯಾ ಇವು ಗಡಸು ನೀರಿನಲ್ಲಿರುವ ಬೈಕಾರ್ಬೊನೇಟನ್ನೇ ತಿಂದು ಬದುಕುವ ಗಟ್ಟಿ ಜೀವಗಳು. ನಮ್ಮ ಬೋರ್‌ವೆಲ್ ನೀರಿನಲ್ಲಿ ಅದಕ್ಕೇನು ಬರ? ಅನುಬಿಯಾಸ್, ಜಾವಾ ಫರ್ನ್ ಕೂಡ ಸಾವಕಾಶವಾಗಿ, ಯಾವ ಸಿಲಿಂಡರಿನ ಹಂಗೂ ಇಲ್ಲದೆ ಬೆಳೆಯುತ್ತವೆ. ಇಷ್ಟರಲ್ಲೇ ನಿಮಗೆ ತೃಪ್ತಿ ಇದ್ದರೆ ಈ ಖರ್ಚು, ಈ ಚಿಂತೆ ಯಾಕೆ? ಹಾಸಿಗೆ ಇದ್ದಷ್ಟು ಕಾಲು ಚಾಚಿ.

ಬೇಕೇ ಬೇಕು ಎಂದಾದರೆ ಒಂದು ಮಾತು ಗಟ್ಟಿಯಾಗಿ ನೆನಪಿಡಿ. ಈ ವಿದ್ಯೆಯ ಪುಸ್ತಕಗಳೆಲ್ಲ ಚಳಿ ದೇಶದವು. ಗಿಡದ ತೊಟ್ಟಿಯನ್ನು ಒಂದು ಕಲೆಯಾಗಿ ಮಾಡಿ ಜಗತ್ತಿಗೆ ತೋರಿಸಿದ ತಕಾಶಿ ಅಮಾನೊ ಜಪಾನಿನ ನೀಗಾಟದವರು. ಅಂಥ ಕಡೆ ನೀರನ್ನು 25 ಡಿಗ್ರಿಗೆ ತರಲು ಹೀಟರ್ ಬೇಕು. ನಮ್ಮಲ್ಲಿ ಏಪ್ರಿಲ್, ಮೇ ಬಂತೆಂದರೆ ಹೊರಗೆ 40 ಡಿಗ್ರಿ ದಾಟುತ್ತದೆ. ಮಾಳಿಗೆ ಮನೆಯ ತೊಟ್ಟಿಯ ನೀರೂ 32, 33ಕ್ಕೆ ಏರಿ ಕೂತಿರುತ್ತದೆ. ಅವರ ಲೆಕ್ಕವನ್ನು ತಂದು ನಮ್ಮ ನೀರಿಗೆ ಹಚ್ಚಿದರೆ ಮೀನು ಸಾಯುತ್ತದೆ. ನಮ್ಮ ಬಿಸಿಲು, ನಮ್ಮ ಗಡಸು ನೀರು, ನಮ್ಮ ಕರೆಂಟು: ಈ ಮೂರನ್ನು ನೋಡಿಯೇ ಇಲ್ಲಿ ಗ್ಯಾಸಿನ ವ್ಯವಸ್ಥೆ ಮಾಡಬೇಕು.

ಪ್ಲಾಸ್ಟಿಕ್ ಬಾಟಲಿಯಲ್ಲಿ ಸಕ್ಕರೆ, ಈಸ್ಟ್ ಕಲಸಿ, ಅಥವಾ ಅಡಿಗೆ ಸೋಡಾಕ್ಕೆ ಸಿಟ್ರಿಕ್ ಆಮ್ಲ ಬೆರೆಸಿ ಗ್ಯಾಸ್ ತೆಗೆಯುವವರಿದ್ದಾರೆ. ಸಣ್ಣ ತೊಟ್ಟಿಗೆ ಕೆಲವು ದಿನ ನಡೆಯುತ್ತದೆ. ಆದರೆ ಸೆಕೆಗೆ ಈಸ್ಟ್ ಉಕ್ಕಿ, ಒಂದು ದಿನ ಅತಿ, ಮರುದಿನ ಏನೂ ಇಲ್ಲ. ನಳಿಕೆ ಕಟ್ಟಿಕೊಂಡರೆ ಬಾಟಲಿ ಸಿಡಿದು ಗೋಡೆಯೆಲ್ಲ ಅಂಟು. ಇಂಡಿಯ ನಿಂಬೆಹಣ್ಣು ಮನೆಯಲ್ಲೇ ಇದೆ, ಅದನ್ನೇ ಹಿಂಡೋಣ ಎಂದು ಯೋಚಿಸುತ್ತಿದ್ದರೆ ಅದನ್ನು ಶರಬತ್ತಿಗೆ ಇಟ್ಟುಕೊಳ್ಳಿ. ಗ್ಯಾಸು ದಿನವೂ ಒಂದೇ ಸಮ ಬರಬೇಕು; ಏರಿಳಿತವಾದರೆ ಗಿಡ ಸೊರಗಿ, ಎಲ್ಲ ಬಣ್ಣ ಮಸಿ ನುಂಗಿತು ಅನ್ನುವಂತೆ ತೊಟ್ಟಿಯನ್ನೆಲ್ಲ ಪಾಚಿ ನುಂಗುತ್ತದೆ. ಒಂದೇ ಸಮ ಬರಬೇಕೆಂದರೆ ಸಿಲಿಂಡರೇ ಸರಿ.

ಸಿಲಿಂಡರ್ ಕೊಳ್ಳುವಾಗ ಮಾತ್ರ ಚೌಕಾಸಿ ಬೇಡ. ಹಳೆಯ ಸಾಮಾನಿನ ಅಂಗಡಿಯಲ್ಲಿ ಬಣ್ಣ ಬಳಿದು ನಿಲ್ಲಿಸಿದ ಸಿಲಿಂಡರ್ ಅಗ್ಗಕ್ಕೆ ಸಿಕ್ಕಿತೆಂದು ಹೊತ್ತು ತರಬೇಡಿ. ಅದರ ಕುತ್ತಿಗೆಯ ಬಳಿ ಅಂಕಿ ಕೊರೆದಿರುತ್ತಾರೆ: ಖಾಲಿ ತೂಕ ಎಷ್ಟು, ಒತ್ತಡದ ಪರೀಕ್ಷೆ ಯಾವಾಗ ಆಗಿದೆ ಎಂದು. ಐದು ವರ್ಷಕ್ಕೊಮ್ಮೆ ಆ ಪರೀಕ್ಷೆ ಆಗಲೇಬೇಕು. ನಾಗಪುರದಲ್ಲಿ ಕೇಂದ್ರ ಕಚೇರಿ ಇರುವ ಪೆಸೊ ಎಂಬ ಸರ್ಕಾರಿ ಸಂಸ್ಥೆಯ ಒಪ್ಪಿಗೆ ಪಡೆದ ಸಿಲಿಂಡರನ್ನೇ ಕೇಳಿ ತೆಗೆದುಕೊಳ್ಳಿ. ಅಂಕಿ ಅಳಿಸಿದ್ದರೆ, ತುಕ್ಕು ತಿಂದಿದ್ದರೆ, ನೆಗ್ಗಿದ್ದರೆ ಪುಕ್ಕಟೆ ಕೊಟ್ಟರೂ ಬೇಡ.

ಕೆಲವರು ಬೆಂಕಿ ಆರಿಸುವ ಕೆಂಪು ಸಿಲಿಂಡರನ್ನೇ ತಂದು ಹಚ್ಚುತ್ತಾರೆ. ಅದರೊಳಗೆ ತಳದವರೆಗೆ ಒಂದು ಕೊಳವೆ ಇಳಿದಿರುತ್ತದೆ. ವಾಲ್ವ್ ತೆರೆದರೆ ಮೇಲಿನ ಗ್ಯಾಸ್ ಬರುವುದಿಲ್ಲ, ತಳದ ದ್ರವವೇ ನುಗ್ಗಿ ಬರುತ್ತದೆ. ರೆಗ್ಯುಲೇಟರ್ ಹೆಪ್ಪುಗಟ್ಟಿ ಕೆಡುತ್ತದೆ. ಆ ಕೊಳವೆ ತೆಗೆಯುವುದು ತಿಳಿದವರ ಕೆಲಸ, ನಿಮ್ಮದಲ್ಲ. ಅಡಿಗೆ ಗ್ಯಾಸಿನ ರೆಗ್ಯುಲೇಟರನ್ನು ಇದಕ್ಕೆ ಹೊಂದಿಸುವ ಯೋಚನೆಯನ್ನಂತೂ ಮಾಡಲೇಬೇಡಿ. 20 ಡಿಗ್ರಿಯಲ್ಲಿ ಈ ಸಿಲಿಂಡರಿನೊಳಗಿನ ಒತ್ತಡ 57 ಬಾರ್. ಕಾರಿನ ಟೈರಿನಲ್ಲಿ ಇರುವುದು ಎರಡು, ಎರಡೂವರೆ ಬಾರ್ ಎಂದರೆ ನಿಮಗೇ ತಿಳಿಯುತ್ತದೆ.

ನಮ್ಮ ಬಿಸಿಲಿನ ಮಾತು ಇಲ್ಲಿಯೇ ಬರುತ್ತದೆ. ಸಿಲಿಂಡರಿನಲ್ಲಿ ಅರ್ಧಕ್ಕೂ ಹೆಚ್ಚು ಇರುವುದು ದ್ರವ. 31 ಡಿಗ್ರಿ ದಾಟಿತೆಂದರೆ ಈ ವಸ್ತುವಿಗೆ ದ್ರವವಾಗಿ ಉಳಿಯಲು ಆಗುವುದಿಲ್ಲ, ಎಷ್ಟೇ ಒತ್ತಿದರೂ ಆಗದು. ಆಮೇಲೆ ಒಂದೊಂದು ಡಿಗ್ರಿಗೂ ಒತ್ತಡ ಭರಭರನೆ ಏರುತ್ತದೆ. ಆದ್ದರಿಂದ ಭರ್ತಿ ಮಾಡುವವನಿಗೆ "ಇನ್ನೊಂಚೂರು ಹಾಕಪ್ಪಾ" ಎನ್ನುವ ಚಾಳಿ ಇಲ್ಲಿ ಬೇಡ. ತುಂಬಬಹುದಾದ ತೂಕಕ್ಕಿಂತ ಹೆಚ್ಚು ತುಂಬಿದರೆ ಮೇ ತಿಂಗಳ ಮಧ್ಯಾಹ್ನ ಸುರಕ್ಷತೆಯ ಬಿಲ್ಲೆ ಒಡೆದು ಗ್ಯಾಸೆಲ್ಲ ಒಮ್ಮೆಲೇ ಹೊರಬೀಳುತ್ತದೆ. ಬಿಸಿಲು ಬೀಳುವ ಕಿಟಕಿ, ಅಡಿಗೆ ಒಲೆ, ಫ್ರಿಜ್ಜಿನ ಬೆನ್ನು, ಪತ್ರಾಸು ಹೊದಿಸಿದ ಕೋಣೆ ಇವುಗಳ ಹತ್ತಿರ ಸಿಲಿಂಡರ್ ಇಡಬೇಡಿ. ಮನೆಯಲ್ಲಿ ಎಲ್ಲಕ್ಕಿಂತ ತಂಪಾದ, ಗಾಳಿಯಾಡುವ ಜಾಗ ಯಾವುದೋ ಅಲ್ಲಿಡಿ. ಮತ್ತೆ, ನೆಟ್ಟಗೆ ನಿಲ್ಲಿಸಿ. ಮಲಗಿಸಿದರೆ ದ್ರವ ರೆಗ್ಯುಲೇಟರಿಗೆ ಇಳಿಯುತ್ತದೆ. ಮಕ್ಕಳು ಓಡಾಡುವ ಮನೆಯಾದರೆ ಪಟ್ಟಿಯಿಂದ ಮೇಜಿನ ಕಾಲಿಗೋ ಗೋಡೆಗೋ ಬಿಗಿಯಿರಿ.

ಗ್ಯಾಸ್ ಎಷ್ಟು ಉಳಿದಿದೆ ಎಂದು ಮೀಟರಿನ ಮುಳ್ಳು ನೋಡಿ ಹೇಳಬೇಡಿ. ದ್ರವ ಇರುವವರೆಗೆ ಮುಳ್ಳು ಅಲ್ಲೇ ನಿಂತಿರುತ್ತದೆ. ಬಿಸಿಲಿಗೆ ಏರುತ್ತದೆ, ಚಳಿಗೆ ಇಳಿಯುತ್ತದೆ. ಕಿರಾಣಿ ಅಂಗಡಿಯ ಕಾಟಾದ ಮೇಲಿಟ್ಟು ತೂಗಿ, ಖಾಲಿ ತೂಕ ಕಳೆಯಿರಿ. ಅದೇ ಸರಿಯಾದ ಲೆಕ್ಕ.

ಈಗ ಎಲ್ಲಕ್ಕಿಂತ ದೊಡ್ಡ ಮಾತು. ನಮ್ಮ ಭಾಗದಲ್ಲಿ ಜೋಳ ತುಂಬುವ ಹಗೇವು ಇದ್ದ ಮನೆಗಳ ಹಿರಿಯರನ್ನು ಕೇಳಿ. ಹಗೇವಿನ ಬಾಯಿ ತೆಗೆದ ಕೂಡಲೇ ಯಾರನ್ನೂ ಇಳಿಯಗೊಡುತ್ತಿರಲಿಲ್ಲ. ಕಾವು ಹೋಗಲಿ ಎಂದು ಬಾಯಿ ತೆರೆದಿಟ್ಟು, ಕಂದೀಲು ಇಳಿಬಿಟ್ಟು ನೋಡಿ, ದೀಪ ಆರದಿದ್ದರೆ ಮಾತ್ರ ಆಳು ಇಳಿಯಬೇಕು. ಮುಚ್ಚಿದ ಗುಂಡಿಯಲ್ಲಿ ಕಾಳು, ಹುಳ, ಬೂಷ್ಟು ಎಲ್ಲ ಉಸಿರಾಡಿ ಆಮ್ಲಜನಕ ತಿಂದು, ಇದೇ ಇಂಗಾಲದ ಡೈಆಕ್ಸೈಡನ್ನು ಬಿಟ್ಟಿರುತ್ತವೆ. ಅವಸರಪಟ್ಟು ಇಳಿದವರು, ಅವರನ್ನು ಎತ್ತಲು ಹೋದವರು, ಹೀಗೆ ಒಬ್ಬರ ಹಿಂದೆ ಒಬ್ಬರು ಸತ್ತ ಮನೆಗಳಿವೆ. ನೀವು ಈಗ ದುಡ್ಡು ಕೊಟ್ಟು ಮನೆಯೊಳಗೆ ತರುತ್ತಿರುವುದು ಅದೇ ಗಾಳಿ. ಬಣ್ಣವಿಲ್ಲ, ವಾಸನೆಯಿಲ್ಲ. ಅಡಿಗೆ ಗ್ಯಾಸಿಗಾದರೆ ಸೋರಿದ್ದು ತಿಳಿಯಲೆಂದು ವಾಸನೆ ಬೆರೆಸಿರುತ್ತಾರೆ, ಇದಕ್ಕೆ ಅದೂ ಇಲ್ಲ. ಗಾಳಿಗಿಂತ ಒಂದೂವರೆ ಪಟ್ಟು ಭಾರ, ಆದ್ದರಿಂದ ನೆಲದ ಕಡೆಗೇ ಇಳಿದು ನಿಲ್ಲುತ್ತದೆ.

ಲೆಕ್ಕ ಹಾಕಿ ನೋಡಿ. 2 ಕೆ.ಜಿ. ಸಿಲಿಂಡರಿನ ಗ್ಯಾಸೆಲ್ಲ ಹೊರಬಿದ್ದರೆ ಸುಮಾರು 1,100 ಲೀಟರ್ ಆಗುತ್ತದೆ. ಉದ್ದ, ಅಗಲ, ಎತ್ತರ ಎಲ್ಲ 10 ಅಡಿ ಇರುವ ಮುಚ್ಚಿದ ಕೋಣೆಯಲ್ಲಿ ಅದು ಗಾಳಿಯ ಶೇ. 4ರಷ್ಟು. ತಲೆನೋವು, ಏದುಸಿರು ಶುರುವಾಗುವ ಮಟ್ಟ ಅದು. 5 ಕೆ.ಜಿ.ಯದ್ದಾದರೆ ಶೇ. 10ರ ಹತ್ತಿರ ಹೋಗುತ್ತದೆ. ಅಷ್ಟಕ್ಕೆ ಮನುಷ್ಯ ಪ್ರಜ್ಞೆ ತಪ್ಪಿ ಬೀಳುತ್ತಾನೆ. ಅದಕ್ಕೇ ಹೇಳುವುದು: ಮಲಗುವ ಕೋಣೆಯಲ್ಲಿ ಸಿಲಿಂಡರ್ ಬೇಡ. ಚಾಪೆ ಹಾಸಿ ನೆಲದ ಮೇಲೆ ಮಲಗುವ ಕೂಸು, ಮುದುಕರು ಇರುವ ಕಡೆ ಬೇಡವೇ ಬೇಡ. ಕಿಟಕಿ ಮುಚ್ಚಿ ಎ.ಸಿ. ಹಾಕುವ ಕೋಣೆಯಲ್ಲೂ ಬೇಡ. ಸಿಲಿಂಡರ್ ಬುಸ್ಸೆಂದು ಸೋರಿದ್ದು ಕೇಳಿಸಿದರೆ ಮುಚ್ಚಲು ಹೆಣಗಬೇಡಿ. ಎಲ್ಲರನ್ನೂ ಹೊರಗೆ ಕಳಿಸಿ, ಬಾಗಿಲು ಕಿಟಕಿ ತೆರೆದು ನೀವೂ ಹೊರಗೆ ಬನ್ನಿ. ಮೀನು ಹೋದರೆ ಮತ್ತೆ ತರಬಹುದು.

ಹೆದರಿಸುತ್ತಿದ್ದೇನೆ ಎನ್ನಬೇಡಿ. ಸರಿಯಾಗಿ ಜೋಡಿಸಿದರೆ ವರ್ಷಗಟ್ಟಲೆ ತಂಟೆಯಿಲ್ಲದೆ ನಡೆಯುವ ವ್ಯವಸ್ಥೆ ಇದು.

ಜೋಡಿಸುವುದು ಹೇಗೆ ಎಂದರೆ, ಸಿಲಿಂಡರಿನ ಬಾಯಿಯನ್ನು ಯಾರ ಮುಖಕ್ಕೂ ಹಿಡಿಯದೆ ವಾಲ್ವನ್ನು ಒಂದು ಕ್ಷಣ ತೆರೆದು ಮುಚ್ಚಿ; ಒಳಗಿನ ದೂಳು ಹಾರಿಹೋಗುತ್ತದೆ. ರೆಗ್ಯುಲೇಟರಿನ ಜೊತೆ ಬಂದ ವಾಷರನ್ನು ಕೂರಿಸಿ, ನಟ್ಟನ್ನು ಕೈಯಿಂದ ತಿರುಗಿಸಿ, ಕೊನೆಗೆ ಪಾನಾದಿಂದ ಬಿಗಿಯಿರಿ. ಅಲ್ಲಿ ಟೆಫ್ಲಾನ್ ಟೇಪು ಸುತ್ತಬಾರದು, ಸೋರಿಕೆ ತಡೆಯುವುದು ವಾಷರಿನ ಕೆಲಸ. ಪ್ರತಿ ಸಲ ಸಿಲಿಂಡರ್ ಬದಲಿಸಿದಾಗಲೂ ವಾಷರ್ ನೋಡಿ, ಒತ್ತಿ ಚಪ್ಪಟೆಯಾಗಿದ್ದರೆ ಹೊಸದು ಹಾಕಿ. ಕೆಲವು ರೂಪಾಯಿಯ ವಾಷರ್ ಉಳಿಸಲು ಹೋಗಿ ಇಡೀ ಸಿಲಿಂಡರ್ ಖಾಲಿ ಮಾಡಿಕೊಳ್ಳುವವರನ್ನು ಏನೆನ್ನಬೇಕು? ಆಮೇಲೆ ರೆಗ್ಯುಲೇಟರಿನ ಗುಬುಟನ್ನು ಪೂರ್ತಿ ಸಡಿಲಿಸಿ, ಗುಳ್ಳೆ ಹೆಚ್ಚು ಕಡಿಮೆ ಮಾಡುವ ಸೂಜಿ ವಾಲ್ವ್ ಮುಚ್ಚಿ, ಸಿಲಿಂಡರಿನ ವಾಲ್ವನ್ನು ಸಾವಕಾಶ ತೆರೆಯಿರಿ. ಗುಬುಟು ತಿರುಗಿಸಿ ಹೊರಹೋಗುವ ಒತ್ತಡವನ್ನು 2 ಬಾರ್‌ಗೆ ತನ್ನಿ. ಕೂಡಿಸಿದ ಜಾಗಗಳಿಗೆಲ್ಲ ಸಾಬೂನು ನೀರು ಹಚ್ಚಿ ನೋಡಿ, ಗುಳ್ಳೆ ಎದ್ದರೆ ಅಲ್ಲಿ ಸೋರುತ್ತಿದೆ. ರೆಗ್ಯುಲೇಟರ್ ಎರಡು ಹಂತದ್ದನ್ನೇ ಕೊಳ್ಳಿ ಎಂಬುದು ನನ್ನ ಹಟ. ಒಂದೇ ಹಂತದ್ದರಲ್ಲಿ ಸಿಲಿಂಡರ್ ಖಾಲಿಯಾಗುವ ಹೊತ್ತಿಗೆ ಹೊರಹೋಗುವ ಒತ್ತಡ ಏರಿ, ಉಳಿದ ಗ್ಯಾಸೆಲ್ಲ ತೊಟ್ಟಿಗೆ ನುಗ್ಗುವ ಅಪಾಯವಿದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ರೆಗ್ಯುಲೇಟರಿನಿಂದ ತೊಟ್ಟಿಗೆ ಹೋಗುವ ನಳಿಕೆಗೆ ಮೆತ್ತನೆಯ ಸಿಲಿಕಾನ್ ಬೇಡ, ಅದರ ಮೈಯಿಂದಲೇ ಗ್ಯಾಸ್ ಹೊರಹೋಗುತ್ತದೆ. ಪಿ.ಯು. ನಳಿಕೆ ಕೇಳಿ. ನಡುವೆ ಒಮ್ಮುಖದ ವಾಲ್ವ್ ಇರಲೇಬೇಕು; ಇಲ್ಲದಿದ್ದರೆ ಗ್ಯಾಸ್ ನಿಂತಾಗ ತೊಟ್ಟಿಯ ನೀರು ಹಿಂದೆ ಹರಿದು ಬಂದು ಕರೆಂಟಿನಿಂದ ತೆರೆದು ಮುಚ್ಚುವ ಸೊಲೆನಾಯ್ಡ್ ವಾಲ್ವ್ ಸುಟ್ಟು, ಆಮೇಲೆ ನೆಲವೂ ಒದ್ದೆ. ಗ್ಯಾಸನ್ನು ನುಣ್ಣನೆಯ ಗುಳ್ಳೆಯಾಗಿ ಬಿಡುವ ಬಿಳಿ ಬಿಲ್ಲೆಯನ್ನು ತೊಟ್ಟಿಯ ತಳದಲ್ಲಿ, ಫಿಲ್ಟರಿನ ನೀರು ಬಂದು ಬಡಿಯುವ ಕಡೆ ಇಡಿ. ಪಾಚಿ ಕಟ್ಟಿದಾಗ ತೆಗೆದು ತೊಳೆಯಿರಿ.

ಕರೆಂಟಿನ ವಿಷಯ ಬಹಳ ಜನ ಮರೆಯುತ್ತಾರೆ. ಸೊಲೆನಾಯ್ಡ್ ಎಂಬುದು ಕರೆಂಟ್ ಇದ್ದಾಗ ತೆರೆದು, ಹೋದಾಗ ತಾನೇ ಮುಚ್ಚಿಕೊಳ್ಳುವ ವಾಲ್ವ್. ಒಳ್ಳೆಯದೇ. ಆದರೆ ನಮ್ಮ ಮನೆಗಳಲ್ಲಿ ಕೆಲವು ಪ್ಲಗ್ಗಿಗೆ ಮಾತ್ರ ಇನ್ವರ್ಟರ್ ಇರುತ್ತದೆ. ಸೊಲೆನಾಯ್ಡ್ ಇನ್ವರ್ಟರಿನ ಪ್ಲಗ್ಗಿಗೆ, ಫಿಲ್ಟರ್ ಬರೀ ಕರೆಂಟಿನ ಪ್ಲಗ್ಗಿಗೆ ಸಿಕ್ಕಿಸಿದಿರೆನ್ನಿ. ಕರೆಂಟ್ ಹೋದಾಗ ನೀರು ನಿಲ್ಲುತ್ತದೆ, ಗ್ಯಾಸ್ ಮಾತ್ರ ಬರುತ್ತಲೇ ಇರುತ್ತದೆ. ಎರಡು ತಾಸಿನ ಮೇಲೆ ಮೀನು ತೇಲುತ್ತವೆ. ಬೇಕಾದರೆ ತಿರುವುಮುರುವು ಮಾಡಿ: ಫಿಲ್ಟರ್ ಇನ್ವರ್ಟರಿಗೆ, ಗ್ಯಾಸ್ ಕರೆಂಟಿಗೆ. ಹೊತ್ತಿಗೆ ಸರಿಯಾಗಿ ಗ್ಯಾಸ್ ಬಿಟ್ಟು ನಿಲ್ಲಿಸುವ ಟೈಮರ್ ಕೂಡ ಒಳಗೆ ಬ್ಯಾಟರಿ ಇರುವುದನ್ನೇ ತನ್ನಿ. ಮುಳ್ಳು ತಿರುಗುವ ಟೈಮರ್ ಕರೆಂಟ್ ಹೋದಷ್ಟು ಹೊತ್ತು ನಿಂತುಬಿಡುತ್ತದೆ; ವಾರ ಕಳೆಯುವುದರೊಳಗೆ ಹಗಲಿನ ಗ್ಯಾಸ್ ರಾತ್ರಿಗೆ ಸರಿದಿರುತ್ತದೆ. ರಾತ್ರಿ ದೀಪವಿಲ್ಲದಾಗ ಗಿಡಗಳೂ ಮೀನಿನಂತೆ ಆಮ್ಲಜನಕವನ್ನೇ ಎಳೆದುಕೊಳ್ಳುತ್ತವೆ. ಆಗ ಗ್ಯಾಸ್ ಬಿಟ್ಟರೆ ಗಿಡಕ್ಕೆ ಉಪಯೋಗವಿಲ್ಲ, ಮೀನಿಗೆ ಉಸಿರಿಲ್ಲ. ದೀಪ ಹತ್ತುವ ಒಂದು ತಾಸು ಮೊದಲು ಗ್ಯಾಸ್ ಶುರುವಾಗಲಿ, ಆರುವ ಒಂದು ತಾಸು ಮೊದಲು ನಿಲ್ಲಲಿ. ದೀಪವೂ ಮೊದಲಿಗೆ ದಿನಕ್ಕೆ 6 ತಾಸು ಸಾಕು.

ಎಷ್ಟು ಬಿಡಬೇಕು? 2 ಅಡಿ ಉದ್ದ, 1 ಅಡಿ ಅಗಲ, ಒಂದೂಕಾಲು ಅಡಿ ಎತ್ತರದ ತೊಟ್ಟಿಯಲ್ಲಿ 60 ಲೀಟರಿನಷ್ಟು ನೀರು ಹಿಡಿಯುತ್ತದೆ. ಅದಕ್ಕೆ ಎರಡು ಸೆಕೆಂಡಿಗೆ ಒಂದು ಗುಳ್ಳೆಯಿಂದ ಶುರು ಮಾಡಿ, ನಾಲ್ಕಾರು ದಿನ ಬಿಟ್ಟು ಸ್ವಲ್ಪ ಸ್ವಲ್ಪವೇ ಏರಿಸಿ, ಸೆಕೆಂಡಿಗೊಂದಕ್ಕೆ ತನ್ನಿ. ಅಲ್ಲಿಂದ ಮುಂದೆ ಗುಳ್ಳೆ ಎಣಿಸುವುದು ಬಿಟ್ಟು ನೀರನ್ನು ಕೇಳಿ. ಡ್ರಾಪ್ ಚೆಕರ್ ಎಂಬ ಸಣ್ಣ ಗಾಜಿನ ಗುಂಡು ಸಿಗುತ್ತದೆ. ಅದರೊಳಗೆ ತೊಟ್ಟಿಯ ನೀರು ಹಾಕಬೇಡಿ, 4 ಡಿಗ್ರಿ ಕಾರ್ಬೊನೇಟ್ ಗಡಸುತನದ ಸಿದ್ಧ ದ್ರಾವಣವನ್ನೇ ಹಾಕಿ. ನೀಲಿ ಇದ್ದರೆ ಗ್ಯಾಸ್ ಕಡಿಮೆ, ಎಳೆ ಹಸಿರು ಇದ್ದರೆ 30 ಮಿಲಿಗ್ರಾಂ ಆಸುಪಾಸು, ಹಳದಿಗೆ ತಿರುಗಿದರೆ ಅಪಾಯ. ಬಣ್ಣ ತಿರುಗಲು ಒಂದೆರಡು ತಾಸು ಹಿಡಿಯುತ್ತದೆ. ಬಣ್ಣ ಬರಲಿಲ್ಲವೆಂದು ಐದು ನಿಮಿಷಕ್ಕೊಮ್ಮೆ ಸೂಜಿ ವಾಲ್ವ್ ತಿರುಗಿಸುತ್ತ ಕೂರಬೇಡಿ. ಪಿ.ಎಚ್. ನೋಡಿ ಅಳೆಯುವವರೂ ನೀರಿನ ಗಡಸುತನ ಮರೆಯಬಾರದು. ಗಡಸುತನ 4 ಇದ್ದ ನೀರಿನಲ್ಲಿ 30 ಮಿಲಿಗ್ರಾಂಗೆ ಪಿ.ಎಚ್. 6.6 ಬರುತ್ತದೆ. ನಿಮ್ಮ ಬೋರಿನ ನೀರು 12 ಇದ್ದರೆ ಅಷ್ಟೇ ಗ್ಯಾಸಿಗೆ ಪಿ.ಎಚ್. 7.1ರ ಹತ್ತಿರ ನಿಲ್ಲುತ್ತದೆ. ಪುಸ್ತಕದಲ್ಲಿ 6.6 ಎಂದಿದೆ ಎಂದು ಇನ್ನೂ ಬಿಡುತ್ತ ಹೋದರೆ ಅಷ್ಟರಲ್ಲಿ 90 ಮಿಲಿಗ್ರಾಂ ದಾಟಿರುತ್ತದೆ. ಅತಿಯಾದರೆ ಅಮೃತವೂ ವಿಷ.

ಗಡಸುತನ ಇನ್ನೊಂದು ರೀತಿಯಲ್ಲೂ ಕಾಡುತ್ತದೆ. ನಮ್ಮ ಒಣ ಬೇಸಿಗೆಯಲ್ಲಿ ತೊಟ್ಟಿಯ ನೀರು ಬೇಗ ಬೇಗ ಆರುತ್ತದೆ. ಆರುವುದು ಬರೀ ನೀರು, ಉಪ್ಪು ಸುಣ್ಣ ಅಲ್ಲೇ ಉಳಿಯುತ್ತವೆ. ಕಡಿಮೆಯಾದಷ್ಟಕ್ಕೆ ಮತ್ತೆ ಬೋರಿನ ನೀರೇ ಸುರಿದರೆ ತಿಂಗಳೊಪ್ಪತ್ತಿನಲ್ಲಿ ಅದು ನಮ್ಮ ದೋಣಿ ನದಿಯ ಉಪ್ಪು ನೀರಿನ ದಾರಿ ಹಿಡಿಯುತ್ತದೆ. ಆರಿದ್ದನ್ನು ತುಂಬಲು ಕುಡಿಯುವ ನೀರಿನ ಆರ್.ಒ. ಫಿಲ್ಟರಿನ ನೀರು ಹಾಕಿ, ಇಲ್ಲವೇ ಹಿಡಿದಿಟ್ಟ ಮಳೆನೀರು ಹಾಕಿ. ವಾರಕ್ಕೊಮ್ಮೆ ನೀರು ಬದಲಿಸುವಾಗ ಬೇಕಾದರೆ ಅರ್ಧ ಬೋರಿನದು, ಅರ್ಧ ಆರ್.ಒ. ಫಿಲ್ಟರಿನದು ಬೆರೆಸಿ. ನಲ್ಲಿಯಲ್ಲಿ ಕೃಷ್ಣೆಯ ನೀರೋ ಭೀಮೆಯ ನೀರೋ ಬರುವ ಊರಿನವರು ಕ್ಲೋರಿನ್ ತೆಗೆದು ಬಳಸಿ.

ಮೀನಿನ ಮೇಲೆ ಕಣ್ಣಿಡಿ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬಂತೆ ಆಗಬಾರದು ನಿಮ್ಮ ಹವ್ಯಾಸ. 20 ಡಿಗ್ರಿಯ ನೀರಿನಲ್ಲಿ ಲೀಟರಿಗೆ 9 ಮಿಲಿಗ್ರಾಂ ಆಮ್ಲಜನಕ ಹಿಡಿದರೆ, 32 ಡಿಗ್ರಿಯಲ್ಲಿ ಹಿಡಿಯುವುದು 7ರ ಆಸುಪಾಸು. ಅದೇ ಸೆಕೆಗೆ ಮೀನಿಗೆ ಬೇಕಾಗುವುದು ಮಾತ್ರ ಹೆಚ್ಚು. ಆದ್ದರಿಂದ ಬೇಸಿಗೆಯಲ್ಲಿ 30 ಮಿಲಿಗ್ರಾಂ ಹಟ ಬಿಡಿ, ಗ್ಯಾಸ್ ಇಳಿಸಿ. ನೀರಿನ ಮೇಲ್ಮೈ ಸಣ್ಣಗೆ ಅಲುಗುತ್ತಿರಲಿ. ಸ್ವಲ್ಪ ಗ್ಯಾಸ್ ಹಾರಿಹೋಗುತ್ತದೆ ಎಂದು ಜಿಪುಣತನ ಮಾಡಬೇಡಿ. ಮೇಲ್ಮೈಗೆ ಗಾಳಿ ಬೀಸುವಂತೆ ಒಂದು ಸಣ್ಣ ಫ್ಯಾನ್ ಇಟ್ಟರೆ ನಮ್ಮ ಒಣ ಹವೆಯಲ್ಲಿ ಎರಡು ಮೂರು ಡಿಗ್ರಿ ಸಲೀಸಾಗಿ ಇಳಿಯುತ್ತದೆ. ಮೀನು ಮೇಲೆ ಬಂದು ಬಾಯಿ ತೆರೆದು ತೆರೆದು ಮುಚ್ಚುತ್ತಿದ್ದರೆ ಕೂಡಲೇ ಗ್ಯಾಸ್ ನಿಲ್ಲಿಸಿ, ಗಾಳಿ ಪಂಪ್ ಹಾಕಿ, ಕಾಲುಭಾಗ ನೀರು ಬದಲಿಸಿ. ಬ್ಯಾಟರಿಯಿಂದ ನಡೆಯುವ ಗಾಳಿ ಪಂಪ್ ಒಂದು ಮನೆಯಲ್ಲಿರಲಿ. ಗ್ಯಾಸ್ ಶುರು ಮಾಡಿದ ಮೊದಲ ದಿನಗಳಲ್ಲಿ ನೀವು ಮನೆಯಲ್ಲೇ ಇರಬೇಕು. ಸಂಜೆ ಹಚ್ಚಿ ಬೆಳಿಗ್ಗೆ ಊರಿಗೆ ಹೋಗಿ, ಬಂದು ಅಳುವುದು ಬೇಡ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಭರ್ತಿ ಮಾಡಿಸುವಾಗ ಒಂದೆರಡು ಎಚ್ಚರ. ಸೋಡಾ ಅಂಗಡಿಯವರಿಗೆ ಗ್ಯಾಸ್ ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ದಾರಿ ಸಿಗುತ್ತದೆ. ಆದರೆ ದೊಡ್ಡ ಸಿಲಿಂಡರಿನಿಂದ ಸಣ್ಣದಕ್ಕೆ ಅಂದಾಜಿನ ಮೇಲೆ ಬಗ್ಗಿಸಿ ಕೊಡುವವರ ಹತ್ತಿರ ಹೋಗಬೇಡಿ, ತೂಕ ಮಾಡಿ ತುಂಬುವ ಗ್ಯಾಸ್ ವ್ಯಾಪಾರಿಯ ಬಳಿಗೇ ಹೋಗಿ. ಬಸ್ಸಿನಲ್ಲಿ, ರೈಲಿನಲ್ಲಿ ಸಿಲಿಂಡರ್ ಒಯ್ಯಬೇಡಿ. ಚೀಲದಲ್ಲಿ ಸುತ್ತಿ ಸೀಟಿನ ಕೆಳಗೆ ತಳ್ಳುವ ಜಾಣತನವೂ ಬೇಡ. ಕಾರಿನಲ್ಲಿ ತರುವುದಾದರೆ ಗಾಜು ಇಳಿಸಿ, ಉರುಳದಂತೆ ಕಟ್ಟಿ, ನೇರ ಮನೆಗೆ ಬನ್ನಿ. ಬಿಸಿಲಲ್ಲಿ ಕಾರು ನಿಲ್ಲಿಸಿ ಬಜಾರ ಮಾಡಲು ಹೋಗಬೇಡಿ.

ಕೊನೆಯದಾಗಿ, ಹೊತ್ತು ನೋಡಿ ಕೆಲಸಕ್ಕೆ ಕೈಹಾಕಿ. ಯುಗಾದಿ ಆದ ಮೇಲೆ, ಬಿಸಿಲು ಬಲಿಯುವ ಹೊತ್ತಿನಲ್ಲಿ ಹೊಸದಾಗಿ ಗ್ಯಾಸ್ ಹಚ್ಚಬೇಡಿ. ಆಗ ಗಿಡ, ನೀರು, ಫ್ಯಾನ್, ಟೈಮರ್ ಎಲ್ಲ ಹೊಂದಿಸಿಟ್ಟುಕೊಳ್ಳಿ. ದಸರಾ ಕಳೆದು ನೀರು 26, 27 ಡಿಗ್ರಿಗೆ ಇಳಿದಾಗ ಸಿಲಿಂಡರ್ ತನ್ನಿ. ಮುಂದಿನ ಬೇಸಿಗೆ ಬರುವಷ್ಟರಲ್ಲಿ ನಿಮ್ಮ ಕೈಗೂ ಗಿಡಕ್ಕೂ ಅದು ರೂಢಿಯಾಗಿರುತ್ತದೆ.